ಬೂಟ್ ಆಗದ ಲ್ಯಾಪ್‌ಟಾಪ್ ಮತ್ತು 512 ಬೈಟಿನ ಕಥೆ

ಹಳ್ಳಿಯಲ್ಲಿ ಬೆಳೆದವರಿಗೆ ಕಂಪ್ಯೂಟರ್ ಬೂಟ್ ಆಗೋದು ಅಂದರೆ ಏನು ಅಂತ ವಿವರಿಸೋದು ಸುಲಭ. ಬಾವಿ ದಂಡೆಯ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಗಾಳಿ ಹಿಡಿದ ಪಂಪು ಸ್ವಿಚ್ ಹಾಕಿದರೆ ಸುಮ್ಮನೆ ತಿರುಗುತ್ತೆ, ನೀರು ಮಾತ್ರ ಬರಲ್ಲ. ಮೊದಲು ಮೇಲಿಂದ ಒಂದೆರಡು ಕೊಡ ನೀರು ಸುರಿಯಬೇಕು. ನೀರೆತ್ತುವ ಯಂತ್ರಕ್ಕೆ ಮೊದಲು ನೀರೇ ಬೇಕು! ಕಂಪ್ಯೂಟರಿನ ಪಾಡೂ ಇದೇ. ಹಾರ್ಡ್ ಡಿಸ್ಕಿನಿಂದ ಪ್ರೋಗ್ರಾಂ ಓದಬೇಕಾದರೆ, ಹೇಗೆ ಓದಬೇಕು ಅಂತ ಹೇಳುವ ಇನ್ನೊಂದು ಪ್ರೋಗ್ರಾಂ ಮೊದಲೇ ಮೆಮೊರಿಯಲ್ಲಿ ಇರಬೇಕು. ಮೆಮೊರಿಯೋ, ಕರೆಂಟ್ ಹೋದ ಕ್ಷಣವೇ ಖಾಲಿ. ಹಾಗಾದರೆ ಆ ಮೊದಲ ಕೊಡ ನೀರು ಹಾಕುವವರು ಯಾರು? ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದಲೇ 'ಬೂಟ್' ಎಂಬ ಪದ ಬಂದದ್ದು.

ಒಂದು ಕಾಲದಲ್ಲಿ ಆ ಕೊಡವನ್ನು ಮನುಷ್ಯನೇ ಸುರಿಯುತ್ತಿದ್ದ. 1975ರಲ್ಲಿ ಬಂದ ಆಲ್ಟೇರ್ 8800 ಕಂಪ್ಯೂಟರಿಗೆ ಕೀಬೋರ್ಡೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂಭಾಗದಲ್ಲಿ ಸಾಲಾಗಿ ಸ್ವಿಚ್‌ಗಳು, ದೀಪಗಳು ಅಷ್ಟೇ. ಪ್ರತಿ ಸಲ ಆನ್ ಮಾಡಿದಾಗಲೂ ಸ್ವಿಚ್ ಮೇಲೆ ಕೆಳಗೆ ಮಾಡಿ ಒಂದೊಂದೇ ಬೈಟ್ ತುಂಬಬೇಕಿತ್ತು. ಒಂದು ಸ್ವಿಚ್ ತಪ್ಪಿದರೆ ಮತ್ತೆ ಮೊದಲಿಂದ.

1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂತು. ಈ ಮೊದಲ ಪ್ರೋಗ್ರಾಂ ಅದರಲ್ಲಿ ಅಳಿಸಲಾಗದ ಚಿಪ್ಪಿನಲ್ಲೇ ಕೂತಿತ್ತು. ಅದೇ ಬಯಾಸ್. ಆ ಪಿಸಿಗೆ ಹಾರ್ಡ್ ಡಿಸ್ಕ್ ಇರಲಿಲ್ಲ. 1983ರಲ್ಲಿ ಬಂದ ಎಕ್ಸ್‌ಟಿ ಮಾಡೆಲ್ಲಿಗೆ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಸಿಕ್ಕಿತು. ಈಗಿನ ಮೊಬೈಲಿನ ಎರಡು ಮೂರು ಫೋಟೋಗೆ ಅದು ತುಂಬಿಹೋಗುತ್ತೆ ಬಿಡಿ! ಆದರೆ ಅದರ ಜೊತೆ ಬಂದ ಒಂದು ವ್ಯವಸ್ಥೆ ಮಾತ್ರ ಮೂವತ್ತು ವರ್ಷಕ್ಕೂ ಹೆಚ್ಚು ಬಾಳಿತು. ಅದರ ಹೆಸರು ಎಂಬಿಆರ್. ಡಿಸ್ಕಿನ ಮೊಟ್ಟಮೊದಲ 512 ಬೈಟಿನಲ್ಲಿ 446 ಬೈಟ್ ಪ್ರೋಗ್ರಾಮಿಗೆ, 64 ಬೈಟ್ ಡಿಸ್ಕಿನ ನಾಲ್ಕು ಭಾಗಗಳ ಲೆಕ್ಕಕ್ಕೆ. ಕೊನೆಯ 2 ಬೈಟ್ 'ಇಲ್ಲಿಂದ ಬೂಟ್ ಮಾಡಬಹುದು' ಅಂತ ಹಾಕಿದ ರುಜು. ಬಯಾಸ್ ಈ 512 ಬೈಟನ್ನು ಓದಿ, ರುಜು ನೋಡಿ, ಅಧಿಕಾರ ಒಪ್ಪಿಸುತ್ತೆ. ರುಜು ಇಲ್ಲವೇ? ಬೂಟ್ ಮಾಡುವ ಡಿಸ್ಕೇ ಇಲ್ಲ ಅಂತ ಪರದೆ ಮೇಲೆ ಬರೆದು ಕೂತುಬಿಡುತ್ತೆ. ಒಳಗೆ ನಿಮ್ಮ ಫೈಲ್‌ಗಳೆಲ್ಲ ಕ್ಷೇಮವಾಗಿದ್ದರೂ ಸರಿಯೇ.

1984ರ ಎಟಿ ಮಾಡೆಲ್ಲಿನಲ್ಲಿ ಇನ್ನೊಂದು ಸೇರ್ಪಡೆ ಆಯಿತು. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡಲಿ, ಸೆಟ್ಟಿಂಗ್ ನೆನಪಿರಲಿ ಅಂತ ಬ್ಯಾಟರಿ ಇಟ್ಟ ಸಿಮಾಸ್ ಚಿಪ್. ಮುಂದೆ ಡಿಸ್ಕ್‌ಗಳು 2 ಟೆರಾಬೈಟ್ ದಾಟಿದಾಗ ಹಳೇ ಲೆಕ್ಕದ ಪುಸ್ತಕದಲ್ಲಿ ಜಾಗ ಸಾಲದೇ ಹೋಯಿತು. ಬಯಾಸ್ ಜಾಗಕ್ಕೆ ಯುಇಎಫ್‌ಐ, ಎಂಬಿಆರ್ ಜಾಗಕ್ಕೆ ಜಿಪಿಟಿ ಬಂದವು. ಜಿಪಿಟಿಯ ಒಳ್ಳೇ ಗುಣ ಏನಪ್ಪಾ ಅಂದರೆ, ಅದು ಲೆಕ್ಕದ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿ ಇಟ್ಟಿರುತ್ತೆ. ನಡುವಿನ ಹಲವು ವರ್ಷಗಳ ಲ್ಯಾಪ್‌ಟಾಪ್‌ಗಳು ಮಾತ್ರ ಎರಡೂ ಭಾಷೆ ಬಲ್ಲವು. ಯಾವುದನ್ನು ಆಡಬೇಕು ಅನ್ನೋದು ಒಂದು ಸೆಟ್ಟಿಂಗ್.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮೂರ ಕಡೆಯ ಮೇಷ್ಟ್ರೊಬ್ಬರು ಹನ್ನೊಂದು ವರ್ಷ ಊರೂರು ಸುತ್ತಿ ಸೋಬಾನೆ ಪದ, ಬೀಸೋ ಪದ ರೆಕಾರ್ಡ್ ಮಾಡಿದ್ದರು. ಹಾಡಿದ ಅಜ್ಜಿಯರಲ್ಲಿ ಅರ್ಧ ಜನ ಈಗಿಲ್ಲ. ಎಲ್ಲಾ ಒಂದೇ ಲ್ಯಾಪ್‌ಟಾಪಿನಲ್ಲಿ. ಒಂದು ದಿನ ಅದು ಬೂಟ್ ಮಾಡುವ ಡಿಸ್ಕ್ ಇಲ್ಲ ಅಂದುಬಿಟ್ಟಿತು. ಅಂಗಡಿಯವನು ನೋಡಿ, "ಹಾರ್ಡ್ ಡಿಸ್ಕ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡಿ ನೋಡ್ತೀನಿ" ಅಂದನಂತೆ. ಮೇಷ್ಟ್ರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಧ್ವನಿ ನಡುಗುತ್ತಿತ್ತು.

"ಆನ್ ಮಾಡಿದ ತಕ್ಷಣ ಸೆಟಪ್ ತೆಗೆಯೋಕೆ ಹೇಳಿ. ಡಿಸ್ಕಿನ ಹೆಸರು ಕಾಣ್ತಿದೆಯಾ?" ಅಂದೆ. ಕಾಣುತ್ತಿತ್ತು. "ತಾರೀಖು ಎಷ್ಟು ತೋರಿಸ್ತಿದೆ?" ಎಷ್ಟೋ ವರ್ಷ ಹಿಂದಿನದು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಸಿಮಾಸಿನ ನಾಣ್ಯದಂಥ ಬ್ಯಾಟರಿ ಸತ್ತಿದೆ, ಸೆಟ್ಟಿಂಗ್ ಎಲ್ಲ ಮರೆತಿದೆ. ಮರೆತ ಯಂತ್ರ ಯುಇಎಫ್‌ಐ ಭಾಷೆಗೆ ಹೊರಳಿತ್ತು, ಡಿಸ್ಕಿನಲ್ಲಿದ್ದದ್ದು ಎಂಬಿಆರ್ ಕಾಲದ ವಿಂಡೋಸ್ 7. ಇಬ್ಬರೂ ಜೀವಂತ, ಆದರೆ ಮಾತುಕತೆ ಇಲ್ಲ.

ಭಾನುವಾರ ಲ್ಯಾಪ್‌ಟಾಪ್ ಕೈಗೆ ಬಂದಾಗಲೂ ಮೊದಲು ರಿಪೇರಿಗೆ ಹೋಗಲಿಲ್ಲ. ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಹಾಡುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ. ಆಮೇಲೆ ಬ್ಯಾಟರಿ ಬದಲಾಯಿಸಿ, ಬೂಟ್ ಮೋಡನ್ನು ಲೆಗಸಿಗೆ ತಿರುಗಿಸಿದೆ. ವಿಂಡೋಸ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

ಎಲ್ಲ ಸಲವೂ ಹೀಗೆ ಸುಖಾಂತ್ಯ ಆಗಲ್ಲ. ಸೆಟಪ್ಪಿನಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಕೇಬಲ್ ಸಡಿಲ ಆಗಿರಬಹುದು, ಡಿಸ್ಕೇ ಹೋಗಿರಲೂಬಹುದು. ಒಳಗೆ ಟಕ್ ಟಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಲೇಬೇಡಿ, ಡೇಟಾ ತೆಗೆಯಲು ಗೊತ್ತಿದ್ದವರಿಗೆ ಕೊಡಿ. ಹೆಸರು ಕಾಣುತ್ತಿದ್ದು ಸದ್ದೂ ಇಲ್ಲದಿದ್ದರೆ ತಾರೀಖು, ಬೂಟ್ ಮೋಡ್, ಬೂಟ್ ಕ್ರಮ ನೋಡಿ. ಸಿಕ್ಕಿಸಿ ಮರೆತ ಪೆನ್ ಡ್ರೈವನ್ನೂ ತೆಗೆದು ನೋಡಿ. ಏನೇ ಆಗಲಿ ಮೊದಲು ಕಾಪಿ, ಆಮೇಲೆ ರಿಪೇರಿ. ಫಾರ್ಮ್ಯಾಟ್ ಅನ್ನೋದು ಕಟ್ಟಕಡೆಯ ಮಾತು.

ಪಂಪಿನಲ್ಲಿ ನೀರು ಬರಲಿಲ್ಲ ಅಂತ ನಮ್ಮ ಕಡೆ ಯಾರೂ ಬಾವಿಗೆ ಮಣ್ಣು ಮುಚ್ಚಲ್ಲ. ಗಾಳಿ ಎಲ್ಲಿ ಹಿಡಿದಿದೆ ಅಂತ ನೋಡ್ತಾರೆ.