ಗ್ರಾಂ ಲೆಕ್ಕದ ಮೊಸರು

ಮೊನ್ನೆ ಶನಿವಾರ ಬೆಳಿಗ್ಗೆ ಗೆಳತಿಯ ಫೋನು. "ಅಕ್ಕಾ, ಮೊಸರು ಆಯ್ತು! ಪುಟ್ಟಿ ಬಟ್ಟಲು ನೆಕ್ಕಿ ಇಟ್ಟಿದಾಳೆ" ಅಂತ. ಮೊಸರು ಆಗೋದೂ ಒಂದು ಸುದ್ದಿಯೇ ಅಂತ ನೀವು ನಗಬಹುದು. ಆದರೆ ಈ ಒಂದು ಬಟ್ಟಲು ಮೊಸರಿಗಾಗಿ ಆ ಮನೆಯವರು ಎರಡು ತಿಂಗಳಿಂದ ಪಟ್ಟ ಪಾಡು ನನಗೆ ಗೊತ್ತು. ಅದಕ್ಕೇ ಈ ಬರಹ.

ನಾನಿರೋದು ಜರ್ಮನಿಯ ಫ್ರೈಬುರ್ಗ್ ಊರಲ್ಲಿ. ಇಲ್ಲೇ ನಾಲ್ಕು ಬೀದಿ ಆಚೆ ಇನ್ನೊಂದು ಕನ್ನಡದ ಮನೆ. ಅವರ ಮಗಳಿಗೆ ಆರು ವರ್ಷ. ನಾವೆಲ್ಲ ಕರೆಯೋದು ಪುಟ್ಟಿ ಅಂತಲೇ. ಅವಳಿಗೆ ಅಪಸ್ಮಾರ. ಊರ ಕಡೆ ಮೂರ್ಛೆ ರೋಗ, ಫಿಟ್ಸ್ ಅಂತೀವಲ್ಲ, ಅದೇ. ಒಂದಾದ ಮೇಲೊಂದು ಮೂರು ಔಷಧಿ ಕೊಟ್ಟರೂ ಫಿಟ್ಸ್ ನಿಲ್ಲಲಿಲ್ಲ. ಕೊನೆಗೆ ಡಾಕ್ಟರು ಹೇಳಿದ್ದು ಕೀಟೋಜೆನಿಕ್ ಪಥ್ಯ. ಇದು ಈಗ ತೂಕ ಇಳಿಸೋಕೆ ಅಂತ ಎಲ್ಲರೂ ಮಾಡೋ "ಕೀಟೋ" ಅಲ್ಲ. ಆಸ್ಪತ್ರೆಯಲ್ಲಿ ಶುರು ಮಾಡಿ, ಡಾಕ್ಟರು ಮತ್ತು ಪಥ್ಯ ತಜ್ಞೆಯ ಕಣ್ಣಳತೆಯಲ್ಲೇ ನಡೆಸಬೇಕಾದ ಚಿಕಿತ್ಸೆ.

ಲೆಕ್ಕ ಹೀಗಿದೆ. ಹಿಟ್ಟು-ಸಕ್ಕರೆಯ ಅಂಶ ಮತ್ತು ಪ್ರೋಟೀನು ಎರಡೂ ಸೇರಿ 1 ಗ್ರಾಂ ಆದರೆ, ಅದಕ್ಕೆ 4 ಗ್ರಾಂ ಕೊಬ್ಬು. ಅಂದರೆ ದೇಹಕ್ಕೆ ಬರೋ ಶಕ್ತಿಯಲ್ಲಿ ನೂರಕ್ಕೆ 90 ಪಾಲು ಬೆಣ್ಣೆ, ಎಣ್ಣೆ, ಕೆನೆಯಿಂದಲೇ. ಸಕ್ಕರೆ ಸಿಗದ ದೇಹ ಕೊಬ್ಬನ್ನೇ ಉರಿಸಿ ಕೀಟೋನ್ ಅನ್ನೋ ವಸ್ತು ತಯಾರಿಸುತ್ತೆ, ಮೆದುಳು ಅದರ ಮೇಲೆ ಓಡುತ್ತೆ. ಪುಟ್ಟಿಗೆ ದಿನಕ್ಕೆ ಸಿಗೋದು ಸುಮಾರು 10 ಗ್ರಾಂ ಹಿಟ್ಟು-ಸಕ್ಕರೆ ಅಂಶ. ಮೂರು ಚಮಚ ಅನ್ನ ತಿಂದರೆ ಇಡೀ ದಿನದ ಲೆಕ್ಕ ಖಲಾಸ್! ಕನ್ನಡದ ಮಗು ಕೇಳೋದೇನು ಹೇಳಿ? ಮೊಸರನ್ನ. ಅದರ ಮೇಲೆ ಇನ್ನೊಂದು ತೊಡಕು: ಹಾಲು ಕುಡಿದರೆ ಅವಳಿಗೆ ಹೊಟ್ಟೆ ಉಬ್ಬರ, ಲ್ಯಾಕ್ಟೋಸ್ ಆಗಲ್ಲ.

ಗೆಳತಿ ಸುಲಭದ ದಾರಿ ಹಿಡಿದಳು. ಅಂಗಡಿಯಿಂದ "ಲ್ಯಾಕ್ಟೋಸ್‌ಫ್ರೈ" ಅಂತ ಬರೆದಿದ್ದ ಹಾಲು ತಂದು, ಕಾಯಿಸಿ ಹೆಪ್ಪು ಹಾಕಿದಳು. ಹಾಲಿನ ಸಕ್ಕರೆ ಇಲ್ಲ ಅಂದಮೇಲೆ ಸಕ್ಕರೆನೇ ಇಲ್ಲ ಅಂದುಕೊಂಡಳು ಪಾಪ. ನಾನಾದರೂ ಹಾಗೇ ಅಂದುಕೊಳ್ತಿದ್ದೆ. ಪುಟ್ಟಿ ಖುಷಿಯಿಂದ 150 ಗ್ರಾಂ ತಿಂದಳು. ಮರುದಿನ ಮೂತ್ರದಲ್ಲಿ ಕೀಟೋನ್ ನೋಡೋ ಪಟ್ಟಿಯ ನೇರಳೆ ಬಣ್ಣ ತಿಳಿಯಾಗಿತ್ತು. ಮಧ್ಯಾಹ್ನ ಫಿಟ್ಸ್ ಬಂತು. ಅದಕ್ಕೆ ಮೊಸರೇ ಕಾರಣ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂದರು ಡಾಕ್ಟರು. ಆದರೂ ತಾಯಿ ಮನಸ್ಸು ಕೇಳಬೇಕಲ್ಲ...

ತಪ್ಪಾಗಿದ್ದು ಎಲ್ಲಿ ಅಂದರೆ, ಲ್ಯಾಕ್ಟೋಸ್ ಇಲ್ಲದ ಹಾಲಿನಿಂದ ಸಕ್ಕರೆಯನ್ನ ಯಾರೂ ಹೊರಗೆ ತೆಗೆದಿರಲ್ಲ. ಲ್ಯಾಕ್ಟೇಸ್ ಅನ್ನೋ ಕಿಣ್ವ ಹಾಕಿ ಲ್ಯಾಕ್ಟೋಸನ್ನ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಅಂತ ಎರಡು ತುಂಡು ಮಾಡಿರ್ತಾರೆ, ಅಷ್ಟೆ. ಹೊಟ್ಟೆಗೆ ಹಿತ, ಆದರೆ ಲೆಕ್ಕದಲ್ಲಿ 100 ಗ್ರಾಂಗೆ ಸುಮಾರು 4.8 ಗ್ರಾಂ ಸಕ್ಕರೆ ಹಾಗೇ ಉಳಿದಿರುತ್ತೆ. ಪುಟ್ಟಿಯ ಬಟ್ಟಲಲ್ಲಿ ಇದ್ದದ್ದು 7 ಗ್ರಾಂ!

ಆವತ್ತಿನಿಂದ ನನಗೆ ಹುಳ ಹೊಕ್ಕಿತು. ಕೊಬ್ಬು ತಿಂದರೆ ಫಿಟ್ಸ್ ನಿಲ್ಲುತ್ತೆ ಅಂತ ಮೊದಲು ಹೊಳೆದದ್ದು ಯಾರಿಗೆ? ಓದುತ್ತಾ ಹೋದೆ. ಕಥೆ ಎಲ್ಲೆಲ್ಲೋ ಸುತ್ತಿ ನಮ್ಮ ಫ್ರೈಬುರ್ಗ್‌ಗೇ ಬಂದು ನಿಂತಿತು.

ಶುರುವಾಗಿದ್ದು ಉಪವಾಸದಿಂದ. ಉಪವಾಸ ಇದ್ದರೆ ಫಿಟ್ಸ್ ಕಡಿಮೆಯಾಗುತ್ತೆ ಅನ್ನೋದು ಗ್ರೀಕರ ಕಾಲದಿಂದಲೇ ಗೊತ್ತಿದ್ದ ಸಂಗತಿ. 1911ರಲ್ಲಿ ಪ್ಯಾರಿಸ್‌ನ ಗೆಲ್ಪಾ ಮತ್ತು ಮಾರೀ ಎಂಬ ವೈದ್ಯರು ರೋಗಿಗಳನ್ನು ಉಪವಾಸ ಇಟ್ಟು ಬಂದ ಫಲವನ್ನು ವರದಿ ಮಾಡಿದರು. ಆದರೆ ಮಗೂನ ಎಷ್ಟು ದಿನ ಅಂತ ಉಪವಾಸ ಕೆಡವೋದು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಒಂದು ಉಪಾಯ ಸೂಚಿಸಿದರು: ಹೊಟ್ಟೆ ತುಂಬಾ ತಿನ್ನಿಸಿಯೂ ದೇಹ ತಾನು ಉಪವಾಸ ಇದೀನಿ ಅಂದುಕೊಳ್ಳೋ ಹಾಗೆ ಮಾಡೋಣ, ಬರೀ ಕೊಬ್ಬು ಕೊಡೋಣ. "ಕೀಟೋಜೆನಿಕ್ ಡಯಟ್" ಅನ್ನೋ ಹೆಸರು ಅವರದೇ. ಅಲ್ಲಿನ ಮಕ್ಕಳ ವೈದ್ಯ ಪೀಟರ್‌ಮನ್ 1925ರ ಹೊತ್ತಿಗೆ ಲೆಕ್ಕ ಖಚಿತ ಮಾಡಿದರು: ಮಗುವಿನ ತೂಕದ ಪ್ರತಿ ಕಿಲೋಗೆ 1 ಗ್ರಾಂ ಪ್ರೋಟೀನು, ದಿನಕ್ಕೆ 10ರಿಂದ 15 ಗ್ರಾಂ ಹಿಟ್ಟು-ಸಕ್ಕರೆ, ಮಿಕ್ಕಿದ್ದೆಲ್ಲ ಕೊಬ್ಬು. ನಮ್ಮ ಪುಟ್ಟಿಯ ತಟ್ಟೆ ಇವತ್ತಿಗೂ ಹೆಚ್ಚುಕಡಿಮೆ ಅದೇ ಲೆಕ್ಕದ್ದು.

ಹಾಗಾದರೆ ನಡುವೆ ಇದು ಮರೆತುಹೋಗಿದ್ದು ಯಾಕೆ? ಮಾತ್ರೆಗಳು ಬಂದವು. ಅದರಲ್ಲಿ ಮೊದಲನೆಯ ದೊಡ್ಡ ಮಾತ್ರೆಯ ಕಥೆ ನಡೆದಿದ್ದು ನಮ್ಮೂರಲ್ಲಿ. 1912ರಲ್ಲಿ ಫ್ರೈಬುರ್ಗ್‌ನ ನರರೋಗ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಹೌಪ್ಟ್‌ಮನ್ ಅನ್ನೋ ಯುವ ವೈದ್ಯ ಇದ್ದರು. ರೋಗಿಗಳ ವಾರ್ಡಿನ ಮೇಲೇ ಅವರ ಕೋಣೆ. ರಾತ್ರಿಯೆಲ್ಲ ಕೆಳಗೆ ರೋಗಿಗಳಿಗೆ ಫಿಟ್ಸ್ ಬಂದು, ಬಿದ್ದು ಸದ್ದಾಗಿ ಇವರಿಗೆ ನಿದ್ದೆಯೇ ಇರಲಿಲ್ಲವಂತೆ. ಹೊಸದಾಗಿ ಬಂದಿದ್ದ ಲುಮಿನಾಲ್ ಅನ್ನೋ ನಿದ್ದೆ ಮದ್ದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ರಾತ್ರಿಯ ಸದ್ದು ಕಡಿಮೆಯಾಯ್ತು. ಅಷ್ಟೇ ಅಲ್ಲ, ಹಗಲಿನ ಫಿಟ್ಸ್ ಕೂಡ ಕಡಿಮೆಯಾಯ್ತು! ಅದೇ ಫೀನೋಬಾರ್ಬಿಟೋನ್. ನಮ್ಮ ಕಡೆ ಗಾರ್ಡಿನಾಲ್ ಅಂತ ಹೆಸರು. ಎಷ್ಟೋ ಮನೆಗಳ ಡಬ್ಬಿಯಲ್ಲಿ ನೋಡಿರ್ತೀರಿ. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಫೆನಿಟಾಯಿನ್ ಕೊಟ್ಟರು, ಅಂದರೆ ನಮ್ಮ ಎಪ್ಟಾಯಿನ್. ಮಾತ್ರೆ ನುಂಗೋದು ಸುಲಭ, ತಕ್ಕಡಿ ಹಿಡಿದು ಅಡುಗೆ ಮಾಡೋದು ಕಷ್ಟ. ಪಥ್ಯ ಮೂಲೆ ಸೇರಿತು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರ್ತಿತ್ತು. ಆದರೆ ಜರ್ಮನಿಯಲ್ಲಿ ಕೂತು ಈ ಕಾಯಿಲೆಯ ಇತಿಹಾಸ ಓದೋರು ಮುಂದಿನ ಪುಟ ಹಾರಿಸೋ ಹಾಗಿಲ್ಲ.

1933ರ ಜುಲೈ 14ರಂದು ನಾಜಿಗಳು ಒಂದು ಕಾನೂನು ತಂದರು. ಯಾರ್ಯಾರಿಗೆ ಬಲವಂತದಿಂದ ಮಕ್ಕಳಾಗದ ಹಾಗೆ ಆಪರೇಷನ್ ಮಾಡಬಹುದು ಅನ್ನೋ ಪಟ್ಟಿ ಅದರಲ್ಲಿತ್ತು. ಆನುವಂಶಿಕ ಅಪಸ್ಮಾರವೂ ಆ ಪಟ್ಟಿಯಲ್ಲಿ. ಶಾಲೆಯ ಲೆಕ್ಕದ ಪುಸ್ತಕಗಳಲ್ಲಿ ಇಂಥ ಪ್ರಶ್ನೆ ಬಂದವು: ಮಾನಸಿಕ ರೋಗಿಗಳ ಆಸ್ಪತ್ರೆಗೆ ಇಷ್ಟು ಖರ್ಚಾದರೆ ಆ ದುಡ್ಡಲ್ಲಿ ಎಷ್ಟು ಮನೆ ಕಟ್ಟಬಹುದು? ಅಂದರೆ ಮಕ್ಕಳ ಕೈಲೇ ಮನುಷ್ಯರ ಬೆಲೆ ಕಟ್ಟಿಸಿದರು.

ಆಮೇಲೆ ಆ ಲೆಕ್ಕ ಪುಸ್ತಕದಿಂದ ಹೊರಗೆ ಬಂತು. ಫ್ರೈಬುರ್ಗ್‌ನಿಂದ ಉತ್ತರಕ್ಕೆ, ಫ್ರಾನ್ಸ್ ಗಡಿಯ ಕೇಲ್ ಪಟ್ಟಣದ ಪಕ್ಕ ಕೋರ್ಕ್ ಅನ್ನೋ ಊರಿದೆ. ಅಪಸ್ಮಾರದ ಮಕ್ಕಳಿಗಾಗಿಯೇ 1892ರಲ್ಲಿ ಅಲ್ಲಿ ಒಂದು ಆಶ್ರಯಧಾಮ ಶುರುವಾಗಿತ್ತು. 1940ರಲ್ಲಿ ಬಸ್ಸುಗಳು ಬಂದು ಅಲ್ಲಿದ್ದ ಎಷ್ಟೋ ಜನರನ್ನು ಗ್ರಾಫೆನೆಕ್ ಅನ್ನೋ ಗುಡ್ಡದ ಮೇಲಿನ ಅರಮನೆಗೆ ಕರೆದೊಯ್ದವು. ಅಲ್ಲಿ ಗ್ಯಾಸ್ ಕೋಣೆ ಇತ್ತು. ಆ ಒಂದೇ ವರ್ಷದಲ್ಲಿ ಗ್ರಾಫೆನೆಕ್‌ನಲ್ಲಿ ಕೊಂದವರ ಸಂಖ್ಯೆ 10,600ಕ್ಕೂ ಹೆಚ್ಚು. ಬೇರೆ ಕಡೆ, ಮಕ್ಕಳನ್ನು ಕೊಲ್ಲೋದಕ್ಕಂತಲೇ ಇದ್ದ ವಾರ್ಡುಗಳಲ್ಲಿ ಬಳಸಿದ ಮದ್ದು ಯಾವುದು ಗೊತ್ತೇ? ಲುಮಿನಾಲ್. ಫ್ರೈಬುರ್ಗ್‌ನಲ್ಲಿ ಫಿಟ್ಸ್ ನಿಲ್ಲಿಸಿದ್ದ ಅದೇ ಮದ್ದು, ಪ್ರಮಾಣ ಮಾತ್ರ ಹೆಚ್ಚು. ಹೌಪ್ಟ್‌ಮನ್ ಯಹೂದಿ ಮೂಲದವರು. 1935ರಲ್ಲಿ ಹಾಲೆ ವಿಶ್ವವಿದ್ಯಾಲಯದ ಕುರ್ಚಿಯಿಂದ ಅವರನ್ನು ಇಳಿಸಿದರು, 1938ರಲ್ಲಿ ಡಾಖಾವ್ ಶಿಬಿರಕ್ಕೆ ತಳ್ಳಿದರು. ಹೇಗೋ ಬಿಡಿಸಿಕೊಂಡು ಅಮೆರಿಕ ಸೇರಿ 1948ರಲ್ಲಿ ಬಾಸ್ಟನ್‌ನಲ್ಲಿ ತೀರಿಕೊಂಡರು. ಕೋರ್ಕ್‌ನಲ್ಲಿ ಇವತ್ತು ದೊಡ್ಡ ಅಪಸ್ಮಾರ ಚಿಕಿತ್ಸಾ ಕೇಂದ್ರ ಇದೆ, ಮಕ್ಕಳಿಗೆ ಬೇರೆ ವಿಭಾಗವೇ ಇದೆ. ಗ್ರಾಫೆನೆಕ್‌ನಲ್ಲಿ ಸ್ಮಾರಕ ಇದೆ.

ಇದನ್ನ ಓದಿ "ಈ ಜರ್ಮನ್ನರು ಹೀಗೇ" ಅಂತ ಬೆರಳು ತೋರಿಸೋ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡೋದು, ಚಪ್ಪಲಿ ಮೂಸಿಸೋದು ನಾವೆಲ್ಲ ಕಂಡದ್ದೇ. ನಮ್ಮ ಮದುವೆ ಕಾನೂನಿನಲ್ಲಿ ಅಪಸ್ಮಾರ ಇರೋರ ಮದುವೆಗೆ ಅಡ್ಡಿ ಇತ್ತು. ಅದನ್ನ ತೆಗೆದುಹಾಕಿದ್ದು 1999ರಲ್ಲಿ. ಕಾನೂನಿಂದ ಹೋದದ್ದು ಮನೆಗಳಿಂದ ಹೋಗಿದೆಯೇ? ಪುಟ್ಟಿಯ ಕಾಯಿಲೆಯ ವಿಷಯ ಅವಳ ಅಜ್ಜಿ ಊರಲ್ಲಿ ಯಾರಿಗೂ ಹೇಳಿಲ್ಲ. "ನಾಳೆ ಹೆಣ್ಣುಮಗು ಕಣಮ್ಮಾ" ಅಂತಾರಂತೆ.

ಇರಲಿ, ಪಥ್ಯದ ಕಥೆಗೆ ಬರೋಣ. ಅದನ್ನು ಮೂಲೆಯಿಂದ ಎತ್ತಿ ತಂದಿದ್ದು ಒಬ್ಬ ಅಪ್ಪ. ಹಾಲಿವುಡ್ ನಿರ್ದೇಶಕ ಜಿಮ್ ಏಬ್ರಹಾಮ್ಸ್‌ರ ಮಗ ಚಾರ್ಲಿಗೆ ಯಾವ ಔಷಧಿಯೂ ನಾಟಲಿಲ್ಲ. ಅಪ್ಪ ತಾನೇ ಗ್ರಂಥಾಲಯದಲ್ಲಿ ಕೂತು ಹುಡುಕಿ, 1993ರಲ್ಲಿ ಮಗನನ್ನು ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಡಾಕ್ಟರ್ ಜಾನ್ ಫ್ರೀಮನ್ ಮತ್ತು ಪಥ್ಯ ತಜ್ಞೆ ಮಿಲಿಸೆಂಟ್ ಕೆಲಿ ಈ ಹಳೇ ಪಥ್ಯವನ್ನು ಕೈಬಿಡದೆ ನಡೆಸಿಕೊಂಡು ಬಂದಿದ್ದರು. ಚಾರ್ಲಿಯ ಫಿಟ್ಸ್ ನಿಂತಿತು. ಅಪ್ಪ 1994ರಲ್ಲಿ ಪ್ರತಿಷ್ಠಾನ ಕಟ್ಟಿದರು, 1997ರಲ್ಲಿ ಮೆರಿಲ್ ಸ್ಟ್ರೀಪ್ ನಟಿಸಿದ ಸಿನಿಮಾನೂ ಮಾಡಿದರು. ಸಿನಿಮಾ ಪುರಾವೆ ಅಲ್ಲವಲ್ಲ! ಪುರಾವೆ ಬಂದಿದ್ದು 2008ರಲ್ಲಿ, ಲಂಡನ್ನಿನಿಂದ. 145 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದಾಗ, ಮೂರು ತಿಂಗಳಿಗೆ ಪಥ್ಯದ ಗುಂಪಿನಲ್ಲಿ ನೂರಕ್ಕೆ 38 ಮಕ್ಕಳ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 6. ಎಲ್ಲರಿಗೂ ನಾಟಲ್ಲ, ನಿಜ. ಮಲಬದ್ಧತೆ, ಮೂತ್ರಪಿಂಡದ ಕಲ್ಲಿನಂಥ ತೊಂದರೆಗಳೂ ಉಂಟು. ಕೆಲವು ಹುಟ್ಟು ಕಾಯಿಲೆ ಇರೋ ಮಕ್ಕಳಿಗಂತೂ ಈ ಪಥ್ಯ ಪ್ರಾಣಾಪಾಯ. ಅದಕ್ಕೇ ಯಾರೂ ಮನೇಲಿ ತಾವೇ ಶುರು ಮಾಡಬಾರದು.

ಮತ್ತೆ ಮೊಸರು? ಉಪಾಯ ಹೊಳೆದದ್ದು ನನಗೂ ಅಲ್ಲ, ಗೆಳತಿಗೂ ಅಲ್ಲ. ಊರಿಂದ ವಿಡಿಯೋ ಕಾಲ್ ಮಾಡಿದ ಅದೇ ಅಜ್ಜಿಗೆ. "ಹಾಲು ಆಗದಿದ್ರೆ ಕೆನೆಗೇ ಹೆಪ್ಪು ಹಾಕೇ. ನಾವು ಬೆಣ್ಣೆ ತೆಗೆಯೋಕೆ ಹಾಕ್ತಿದ್ವಲ್ಲ!" ಗೆಳತಿ ಪೊಟ್ಟಣದ ಮೇಲಿನ ಅಂಕಿ ನೋಡಿದಳು. ಹಾಲಿನಲ್ಲಿ 3.5 ಗ್ರಾಂ ಕೊಬ್ಬಿಗೆ ಸಕ್ಕರೆ-ಪ್ರೋಟೀನು ಸೇರಿ 8 ಗ್ರಾಂ, ಲೆಕ್ಕ ತಲೆಕೆಳಗು. ಕೆನೆಯಲ್ಲಿ 30 ಗ್ರಾಂ ಕೊಬ್ಬಿಗೆ ಅವೆರಡೂ ಸೇರಿ ಐದೂವರೆ ಗ್ರಾಂ ಆಸುಪಾಸು. ನಾಲ್ಕಕ್ಕೊಂದರ ಲೆಕ್ಕ ತಾನಾಗೇ ದಾಟಿತ್ತು! ಜರ್ಮನ್ನರ ಶ್ಮಾಂಡ್ ಕೂಡ ಹುಳಿ ಬರಿಸಿದ ಕೆನೆಯೇ ಅಲ್ಲವೇ? ಎರಡೂ ದೇಶದ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆ.

ಈಗ ಮಾಡೋದು ಹೀಗೆ. ಲ್ಯಾಕ್ಟೋಸ್ ಇಲ್ಲದ 30 ಪರ್ಸೆಂಟ್ ಕೆನೆ ಇಲ್ಲಿ ಅಂಗಡಿಯಲ್ಲೇ ಸಿಗುತ್ತೆ. ಅದನ್ನ ಬೆರಳು ಇಟ್ಟರೆ ಬೆಚ್ಚಗನ್ನಿಸೋ ಹಾಗೆ, ಸುಮಾರು 40 ಡಿಗ್ರಿಗೆ ಕಾಯಿಸೋದು. ಲ್ಯಾಕ್ಟೋಸ್ ಇಲ್ಲದ ಸಪ್ಪೆ ಮೊಸರು ಒಂದು ಚಮಚ ಹೆಪ್ಪು. ಇಲ್ಲಿನ ಚಳಿಗೆ ಅಡುಗೆಮನೇಲಿ ಮೊಸರು ಆಗಲ್ಲ, ಟವೆಲ್ ಸುತ್ತಿ, ದೀಪ ಹಚ್ಚಿದ ಅವನ್ ಒಳಗೆ ರಾತ್ರಿಯೆಲ್ಲ ಇಡಬೇಕು. ಹೆಚ್ಚು ಹೊತ್ತು ಇಟ್ಟರೆ ಸಕ್ಕರೆಯೆಲ್ಲ ಹುಳಿಯಾಗಿಬಿಡುತ್ತೆ ಅಂತ ನಾವಂದುಕೊಂಡಿದ್ದೆವು. ಪಥ್ಯ ತಜ್ಞೆ ಒಪ್ಪಲಿಲ್ಲ. ಮೊಸರಿನ ಬ್ಯಾಕ್ಟೀರಿಯಾ ಗ್ಯಾಲಕ್ಟೋಸನ್ನ ಹೆಚ್ಚಾಗಿ ಮುಟ್ಟಲ್ಲ. ಕೆನೆ ಪೊಟ್ಟಣದ ಅಂಕಿಯನ್ನೇ ಪೂರ್ತಿ ಲೆಕ್ಕಕ್ಕೆ ಹಿಡೀರಿ ಅಂದರು. ಹಾಗೆ ಹಿಡಿದರೂ 40 ಗ್ರಾಂ ಮೊಸರಿಗೆ ಸಕ್ಕರೆ ಒಂದೂಕಾಲು ಗ್ರಾಂ ಅಷ್ಟೆ. ಅನ್ನದ ಬದಲು ತುರಿದು ಬೇಯಿಸಿದ ಹೂಕೋಸು, ಅದೂ ತೂಗಿ. ಮೇಲೆ ಎಣ್ಣೆ, ಸಾಸಿವೆ, ಕರಿಬೇವಿನ ಒಗ್ಗರಣೆ. ಇಂಗು ಮಾತ್ರ ಬಿಟ್ಟರು; ಡಬ್ಬಿಯ ಇಂಗಿಗೆ ಹಿಟ್ಟು ಬೆರೆಸಿರ್ತಾರಲ್ಲ!

ಪುಟ್ಟಿಗೆ ಪಥ್ಯ ನಾಟುತ್ತೋ ಇಲ್ಲವೋ ಇನ್ನೂ ಹೇಳೋಕಾಗಲ್ಲ. ವಾರಕ್ಕೆ ಹತ್ತು ಸಲ ಬರ್ತಿದ್ದ ಫಿಟ್ಸ್ ಕಳೆದ ವಾರ ನಾಲ್ಕು ಸಲ ಬಂತು. ಮುಂದಿನ ತಿಂಗಳು ಡಾಕ್ಟರು ಮತ್ತೆ ನೋಡ್ತಾರೆ.

ಸಂಜೆ ಅವರ ಮನೆಗೆ ಹೋಗಿದ್ದೆ. ಗೆಳತಿ ಪುಟ್ಟ ತಕ್ಕಡಿಯ ಮೇಲೆ ಬಟ್ಟಲಿಟ್ಟು ಮೊಸರು ಬಡಿಸ್ತಿದ್ದಳು. 38... 39... 41. ಒಂದು ತೊಟ್ಟು ವಾಪಸ್ ತೆಗೆದಳು. 40. ಇದೇ ಸೀಮೆಯಲ್ಲಿ ಇಂಥದೇ ಮಕ್ಕಳನ್ನ ಹಿಂದೆ ಲೆಕ್ಕ ಹಾಕಿಯೇ ಬೇಡ ಅಂದಿದ್ದರು. ಈಗ ಆ ಊರಿನದೇ ಆಸ್ಪತ್ರೆ, ಇಲ್ಲಿನ ಕೆನೆ, ನಮ್ಮಜ್ಜಿಯ ಹೆಪ್ಪು ಎಲ್ಲ ಸೇರಿ ಒಂದು ಮಗುವಿಗೋಸ್ಕರ ಗ್ರಾಂ ಲೆಕ್ಕ ಹಾಕ್ತಿವೆ.

"ಆಂಟೀ, ನಿಮಗೂ ಮೊಸರನ್ನ ಬೇಕಾ?" ಅಂದಳು ಪುಟ್ಟಿ. ಬೇಡ ಪುಟ್ಟೀ, ಅದು ನಿನ್ನ ಲೆಕ್ಕದ್ದು ಅಂದೆ.

ನಿಮ್ಮ ಬಳಗದಲ್ಲಿ ಇಂಥ ಮಗು ಇದ್ದರೆ, ಮುಚ್ಚಿಡಬೇಡಿ ಅಂತ ಅಜ್ಜಿಯರಿಗೆ ಒಂದು ಮಾತು ಹೇಳಿ. ಅವರ ಹತ್ತಿರ ಇನ್ನೂ ಏನೇನು ಉಪಾಯ ಇದೆಯೋ, ಯಾರಿಗೆ ಗೊತ್ತು?