ಲಾಂಚು, ಕರೆಂಟು, ಡಿಕ್ಲರೇಷನ್ನು

ತೀರ್ಥಹಳ್ಳಿಯಿಂದ ಹೊರಟ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನ ಬಾಯಿಂದ ಮೇಲಿಂದ ಮೇಲೆ ಕೇಳಿಬರುವ ಇಂಗ್ಲಿಷ್ ಎರಡೇ ಮಾತು. ನಿಲ್ಲಿಸಬೇಕಾದರೆ ‘ಹೋಲ್ಡಾನ್’, ಹೊರಡಬೇಕಾದರೆ ‘ರೈಟ್’. ಇಂಗ್ಲೆಂಡಿನವನೊಬ್ಬ ಆ ಬಸ್ಸಿನಲ್ಲಿ ಕೂತಿದ್ದರೆ ‘ಹೋಲ್ಡಾನ್’ ಎಂದ ಕೂಡಲೇ ಎದುರಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಾನು. ‘ರೈಟ್’ ಎಂದರೆ ಬಸ್ಸು ಬಲಕ್ಕೆ ತಿರುಗುತ್ತದೆಂದು ಬಲಗಡೆ ನೋಡಿಯಾನು. ನಮ್ಮ ಡ್ರೈವರಿಗೆ ಅಂಥ ಗೊಂದಲವೇ ಇಲ್ಲ. ಒಂದು ಶಬ್ದಕ್ಕೆ ಬ್ರೇಕು, ಇನ್ನೊಂದಕ್ಕೆ ಗೇರು.

ಇಂಗ್ಲಿಷಿನಲ್ಲಿ ‘ರೈಟ್’ ಎಂದರೆ ಬಲಗಡೆಯೂ ಹೌದು, ಸರಿ ಎಂಬುದೂ ಹೌದು, ಹಕ್ಕು ಎಂಬುದೂ ಹೌದು. ಶಬ್ದ ಸಣ್ಣದಾದಷ್ಟೂ ಅದರ ಸಂಸಾರ ದೊಡ್ಡದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಒಂದೇ ಪದಕ್ಕೆ ನಾನೂರಕ್ಕೂ ಹೆಚ್ಚು ಅರ್ಥಗಳಿವೆ. ನಾವು ಅಷ್ಟನ್ನೂ ತೆಗೆದುಕೊಳ್ಳಲಿಲ್ಲ. ಹೋಟೆಲಿನಲ್ಲಿ ಸೆಟ್ ದೋಸೆ, ತೋಟದಲ್ಲಿ ಪಂಪ್‌ಸೆಟ್, ಸಿನಿಮಾದವರಿಗೆ ಒಂದು ಸೆಟ್. ‘ಅವರಿಬ್ಬರಿಗೂ ಸೆಟ್ಟಾಗೋದಿಲ್ಲ’ ಎಂಬ ಮಾತಿಗೆ ಇನ್ನೊಂದು. ಅಲ್ಲಿಗೆ ನಮ್ಮ ವ್ಯವಹಾರ ಮುಗಿಯಿತು.

ಒಂದು ಭಾಷೆಯ ಪದ ಇನ್ನೊಂದು ಭಾಷೆಗೆ ಬರುವಾಗ ತನ್ನ ಗಂಟುಮೂಟೆಯನ್ನೆಲ್ಲ ಹೊತ್ತು ತರುವುದಿಲ್ಲ. ಒಂದೋ ಎರಡೋ ಅರ್ಥವನ್ನು ಮಾತ್ರ ತಂದು, ಉಳಿದದ್ದನ್ನು ಬಂದ ಊರಿನಲ್ಲಿ ಸಂಪಾದಿಸಿಕೊಳ್ಳುತ್ತದೆ. ಯಾವ ಅರ್ಥ ನಿಲ್ಲಬೇಕೆಂದು ತೀರ್ಮಾನಿಸುವುದು ನಿಘಂಟಲ್ಲ, ಆ ಊರಿನ ಚರಿತ್ರೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಮಾತು ಕಣ್ಣಿಗೆ ಕಾಣುವಂತಿದೆ.

‘ಲಾಂಚು’ ಎಂಬುದನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಹೀಗೆ ಉಚ್ಚರಿಸುವ ಎರಡು ಬೇರೆ ಬೇರೆ ಪದಗಳಿವೆ. ರಾಕೆಟ್ ಹಾರಿಸುವುದು, ಹೊಸ ಕಾರನ್ನು ಮಾರುಕಟ್ಟೆಗೆ ಬಿಡುವುದು – ಇವು ಹಳೆಯ ಫ್ರೆಂಚಿನ, ಈಟಿ ಎಸೆಯುವ ಅರ್ಥದ ಮೂಲದಿಂದ ಬಂದವು. ದೋಣಿ ಎಂಬ ಅರ್ಥದ ಲಾಂಚು ಬೇರೆ. ಅದು ಸ್ಪ್ಯಾನಿಷ್, ಪೋರ್ಚುಗೀಸ್ ನಾವಿಕರ ಮಾತಿನಿಂದ ಬಂದದ್ದು, ಅದರ ಹಿಂದೆ ಮಲಯ ಭಾಷೆಯ ಪದವಿರಬಹುದು ಎನ್ನುತ್ತಾರೆ. ರಾಕೆಟ್ಟಿನ ಲಾಂಚು ಟಿ.ವಿ.ಯಲ್ಲಿ ಮಾತ್ರ. ಸಾಗರದವರ ಲಾಂಚು ಶರಾವತಿ ಹಿನ್ನೀರಿನದು. ಅದೂ ಇಂಗ್ಲಿಷಿನವರ ಚಿಕ್ಕ ಮೋಟಾರು ದೋಣಿಯಲ್ಲ. ಬಸ್ಸು, ಜೀಪು, ಬೈಕು, ಮದುವೆಯ ದಿಬ್ಬಣ, ಸಿಗಂದೂರು ಚೌಡೇಶ್ವರಿಗೆ ಹೊರಟ ಭಕ್ತರು ಎಲ್ಲರನ್ನೂ ಒಟ್ಟಿಗೆ ಹೊತ್ತು ದಡ ಸೇರಿಸುವ ಚಪ್ಪಟೆ ಹಡಗು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ದಾಟಲು ದಶಕಗಳ ಕಾಲ ಅದೇ ಗತಿ. ‘ಕಡೇ ಲಾಂಚು ಹೋಯ್ತು’ ಎಂದರೆ ತುಮರಿ ಕಡೆಯವರಿಗೆ ಆ ರಾತ್ರಿ ಈಚೆ ದಡದಲ್ಲೇ ಕಳೆಯಿತು ಎಂದರ್ಥ. ಬಾಣಂತಿಯನ್ನೋ ಹಾವು ಕಚ್ಚಿದವನನ್ನೋ ಕರೆತಂದವರಿಗೆ ಆ ಮಾತಿನ ಅರ್ಥ ಇನ್ನೂ ಕಠಿಣ. 2025ರ ಜುಲೈ 14ರಂದು ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಇಂಗ್ಲಿಷ್ ಪತ್ರಿಕೆಗಳ ಭಾಷೆಯಲ್ಲಿ ಸೇತುವೆಯೂ ‘ಲಾಂಚ್’ ಆಗುತ್ತದೆ. ತುಮರಿಯ ಮಟ್ಟಿಗೆ ಆ ವಾಕ್ಯ ಸ್ವಲ್ಪ ತಮಾಷೆಯೇ.

ಲಾಂಚು ಬೇಕಾದದ್ದು ಯಾಕೆ ಎಂದು ಕೇಳಿದರೆ ಉತ್ತರ ಇನ್ನೊಂದು ಇಂಗ್ಲಿಷ್ ಪದದಲ್ಲಿದೆ: ಕರೆಂಟು. ಓಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದಕ್ಕೆ ಇಂಗ್ಲಿಷಿನಲ್ಲಿ ಮೊದಲು ಹರಿಯುವ ನೀರಿನ ಸೆಳವು ಎಂದೇ ಅರ್ಥ. ವಿದ್ಯುತ್ತೂ ಹರಿಯುತ್ತದೆಂದು ಆಮೇಲೆ ಅದಕ್ಕೂ ಅದೇ ಹೆಸರು ಕೊಟ್ಟರು. ಹೊಳೆಯ ಸೆಳವಿಗೆ ಕನ್ನಡದಲ್ಲಿ ಸೆಳವು ಎಂಬ ಪದವೇ ಇದ್ದುದರಿಂದ ನಾವು ಕರೆಂಟನ್ನು ತಂತಿಗೆ ಮಾತ್ರ ಇಟ್ಟುಕೊಂಡೆವು. ಶರಾವತಿಯಲ್ಲಿ ನಡೆದದ್ದೂ ಅದೇ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಸಾಗರ ತಾಲ್ಲೂಕಿಗೆ ಬಂದು ಜೋಗದಲ್ಲಿ ಧುಮುಕುತ್ತಿದ್ದ ಹೊಳೆಯ ಮೊದಲ ಅರ್ಥದ ಕರೆಂಟನ್ನು ಹಿಡಿದು ಎರಡನೆಯ ಅರ್ಥದ ಕರೆಂಟನ್ನಾಗಿ ಮಾಡಿದರು. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, 1819 ಅಡಿಯವರೆಗೆ ನೀರು ನಿಲ್ಲುವ ಜಲಾಶಯವಾಯಿತು. ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಗ್ರಾಮಗಳು ಪೂರ್ತಿಯಾಗಿಯೋ ಭಾಗಶಃವೋ ಮುಳುಗಿದವು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಸಾಮರ್ಥ್ಯ 1035 ಮೆಗಾವಾಟ್. ಆ ಕರೆಂಟು ಬೆಂಗಳೂರಿಗೆ ಹೋಯಿತು. ಮನೆ ಬಿಟ್ಟುಕೊಟ್ಟವರು ಕಾಡಿನ ನಡುವೆ ಹೊಸದಾಗಿ ಕಟ್ಟಿಕೊಂಡ ಊರುಗಳಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಉರಿಯಿತು.

ಇನ್ನು ಡಿಕ್ಲರೇಷನ್. ಈ ಪದದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ವರದಿಗಾರಿಕೆಗೆ ಸೇರಿದ ಹೊಸದರಲ್ಲಿ, ಹೊಸನಗರದ ಕಡೆಯ ಅಜ್ಜರೊಬ್ಬರು ‘ನಮ್ಮಪ್ಪ ಡಿಕ್ಲರೇಷನ್ ಕೊಡಲಿಲ್ಲ, ಹಂಗಾಗಿ ಎಲ್ಲ ಹೋಯ್ತು’ ಎಂದರು. ಡಿಪ್ಲೊಮಾ ತರಗತಿಯಲ್ಲಿ ಚುನಾವಣಾ ವರದಿಯ ಪಾಠ ಓದಿ ಬಂದಿದ್ದ ನಾನು ‘ಯಾವ ಎಲೆಕ್ಷನ್ನಿಗೆ ನಿಂತಿದ್ದರು ಅಜ್ಜಾ?’ ಎಂದು ಕೇಳಿದೆ. ಅವರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ‘ಎಲೆಕ್ಷನ್ನಲ್ಲ ತಮ್ಮಾ, ಗದ್ದೆಗೆ’ ಎಂದರು.

ಮಲೆನಾಡು, ಕರಾವಳಿಗಳಲ್ಲಿ ಹಳೆಯ ತಲೆಮಾರಿನವರಿಗೆ ಡಿಕ್ಲರೇಷನ್ ಎಂದರೆ ಗೇಣಿದಾರ ತಾನು ಉಳುತ್ತಿದ್ದ ಜಮೀನು ತನಗೆ ಸೇರಬೇಕೆಂದು ಸಲ್ಲಿಸಿದ ಅರ್ಜಿ. ಅದರ ಬೇರು 1951ರ ಕಾಗೋಡಿನಲ್ಲಿದೆ. ಸಾಗರ ತಾಲ್ಲೂಕಿನ ಆ ಊರಿನಲ್ಲಿ ಗೇಣಿ ಬತ್ತ ಅಳೆಯುವ ಕೊಳಗದ ಪ್ರಮಾಣದ ಮೇಲೆ ಎದ್ದ ತಕರಾರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸತ್ಯಾಗ್ರಹವಾಯಿತು. ಸಮಾಜವಾದಿಗಳು ಕೈಗೂಡಿಸಿದರು, ಬೆಂಬಲಿಸಲು ಬಂದ ರಾಮಮನೋಹರ ಲೋಹಿಯಾ ಅವರನ್ನು ಸಾಗರದಲ್ಲಿ ಬಂಧಿಸಲಾಯಿತು. ಮರುವರ್ಷದ ಚುನಾವಣೆಯಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. 1952ರಲ್ಲಿ ಮೈಸೂರು ಗೇಣಿ ಕಾಯಿದೆ ಬಂತು. ಆದರೆ ಗೇಣಿದಾರನ ಹೆಸರು ಪಹಣಿಗೆ ಬರಲು ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ, ಅಂದರೆ 1974ರ ಮಾರ್ಚ್ 1, ಬರಬೇಕಾಯಿತು.

ಇಲ್ಲಿ ಸ್ವಾರಸ್ಯದ ಸಂಗತಿಯೊಂದಿದೆ. ಕಾಯಿದೆಯ ಭಾಷೆಯಲ್ಲಿ ಡಿಕ್ಲರೇಷನ್ ಕೊಡಬೇಕಾದವನು ಮಿತಿಗಿಂತ ಹೆಚ್ಚು ಜಮೀನು ಇಟ್ಟುಕೊಂಡವನು. ತನ್ನ ಹಿಡುವಳಿ ಎಷ್ಟೆಂದು ಅವನು ಘೋಷಿಸಬೇಕಿತ್ತು. ಗೇಣಿದಾರ ತುಂಬಬೇಕಾಗಿದ್ದ ಫಾರಂ ನಂಬರ್ 7 ಬರೀ ಅರ್ಜಿ. ಜನ ಇದನ್ನು ತಿರುಗಿಸಿಬಿಟ್ಟರು. ‘ಡಿಕ್ಲರೇಷನ್ ಹಾಕಿದ’ ಎಂದರೆ ಒಡೆಯರ ಮನೆಯ ಎದುರೇ ‘ಈ ಗದ್ದೆ ನಾನು ಮಾಡುವುದು’ ಎಂದು ಸಾರಿದ ಎಂದಾಯಿತು. ಬರೀ ಅರ್ಜಿ ಎನ್ನುವುದಕ್ಕಿಂತ ಇದೇ ಸರಿಯಾದ ಪದ ಎಂದು ನನಗನ್ನಿಸುತ್ತದೆ. ಒಡೆಯರ ಮನೆಯವರಿಗೂ ಆ ಪದ ಚೆನ್ನಾಗಿ ನೆನಪಿದೆ, ಬೇರೆ ದನಿಯಲ್ಲಿ. ನಾಲ್ಕೆಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕಿದ್ದ ವಿಧವೆಯರ ಮನೆಗಳೂ ಇದ್ದವು. ಅರ್ಜಿಗಳನ್ನು ನೋಡಲು ತಾಲ್ಲೂಕಿಗೊಂದು ಟ್ರಿಬ್ಯುನಲ್ ಬಂತು. ಆರಂಭದಲ್ಲಿ ಅಲ್ಲಿ ವಕೀಲರು ಹಾಜರಾಗುವಂತಿರಲಿಲ್ಲ. ಉಳುವವನೇ ಎದ್ದು ನಿಂತು ತನ್ನ ಮಾತು ಹೇಳಬೇಕು. ಗೆದ್ದವನಿಗೆ ಸಿಗುತ್ತಿದ್ದದ್ದು ‘ಆಕ್ಯುಪೆನ್ಸಿ ರೈಟ್’. ಬಸ್ಸಿನ ಅದೇ ರೈಟ್, ಇಲ್ಲಿ ಹಕ್ಕಿನ ವೇಷದಲ್ಲಿ. ಅರ್ಜಿಗೆ ಕೊನೆಯ ದಿನ 1979ರ ಜೂನ್ 30. ಒಡೆಯರ ಮೇಲಿನ ಅಂಜಿಕೆಗೋ ಋಣಕ್ಕೋ ಸುದ್ದಿಯೇ ತಿಳಿಯದೆಯೋ ಅಷ್ಟರೊಳಗೆ ಹಾಕದಿದ್ದವರು ಆ ಅಜ್ಜರ ಅಪ್ಪನಂತೆ ಉಳಿದುಹೋದರು.

ಗದ್ದೆಯ ಮಾತು ಹೀಗಾದರೆ ಕಾಡಿನಂಚಿನ ಮಾತು ಇನ್ನೂ ತೊಡಕು. ‘ರಿಜರ್ವ್’ ಎಂದರೆ ಸ್ಕೂಟರಿನವನಿಗೆ ಟ್ಯಾಂಕಿನ ತಳದ ಪೆಟ್ರೋಲು, ಪ್ರಯಾಣಿಕನಿಗೆ ಸೀಟು, ರಾಜಕಾರಣಿಗೆ ಮೀಸಲು ಕ್ಷೇತ್ರ. ಮಲೆನಾಡಿನ ರೈತನಿಗೆ ಅದು ಬೇಲಿಯಾಚೆಯ ಕಾಡು. ಕೆಲವೊಮ್ಮೆ ಬೇಲಿಯೊಳಗಿನ ತೋಟವೂ ನಕ್ಷೆಯಲ್ಲಿ ಅದೇ ಆಗಿರುತ್ತದೆ. ‘ರೇಂಜ್’ ಎಂದರೆ ಒಂದು ಕಡೆ ಅರಣ್ಯದ ವಲಯ ಕಚೇರಿ, ಇನ್ನೊಂದು ಕಡೆ ಮೊಬೈಲಿಗೆ ಸಿಗದೇ ಇರುವಂಥದ್ದು. ‘ಸೆಕ್ಷನ್’ ಎಂದರೆ ಕರೆಂಟು ಹೋದಾಗ ಫೋನು ಮಾಡುವ ಕಚೇರಿ. ಆದರೆ ‘ನಮ್ಮದು ಸೆಕ್ಷನ್ ನಾಲ್ಕರಲ್ಲಿದೆ’ ಎಂದು ಒಬ್ಬರು ಹೇಳಿದರೆ ಧ್ವನಿ ಇಳಿಯುತ್ತದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ 4ನೇ ಸೆಕ್ಷನ್ ಒಂದು ಜಾಗವನ್ನು ಮೀಸಲು ಅರಣ್ಯ ಮಾಡುವ ಉದ್ದೇಶವಿದೆ ಎಂಬ ಪ್ರಕಟಣೆ. 17ನೆಯದು ಮಾಡಿದ್ದೇವೆ ಎಂಬುದು. ಇವೆರಡರ ನಡುವೆ ಹಕ್ಕುಗಳ ವಿಚಾರಣೆ ನಡೆಯಬೇಕು.

ಹಾಗೆಂದು ಎಲ್ಲ ತಪ್ಪನ್ನೂ ಇಂಗ್ಲಿಷಿನ ತಲೆಗೆ ಕಟ್ಟುವಂತಿಲ್ಲ. ನಮ್ಮ ‘ಬೆಟ್ಟ’ವನ್ನೇ ನೋಡಿ. ಬಯಲುಸೀಮೆಯವರಿಗೆ ಅದು ಗುಡ್ಡಕ್ಕಿಂತ ಎತ್ತರದ್ದು. ಸಾಗರದ ಅಡಿಕೆ ಬೆಳೆಗಾರನಿಗೆ ತೋಟಕ್ಕೆ ಸೊಪ್ಪು ತರುವ ಕಾಡು. ಅದು ಸಪಾಟಾಗಿದ್ದರೂ ಬೆಟ್ಟವೇ.

ಈ ಪದಗಳಲ್ಲೆಲ್ಲ ಹೆಚ್ಚು ನೋವು ಕೊಟ್ಟದ್ದು ‘ರಿಲೀಸ್’. ಪೇಟೆಯಲ್ಲಿ ಸಿನಿಮಾ ರಿಲೀಸಾಗುತ್ತದೆ, ಜೈಲಿನಿಂದ ಕೈದಿ ರಿಲೀಸಾಗುತ್ತಾನೆ, ಅಣೆಕಟ್ಟಿನಿಂದ ನೀರು ರಿಲೀಸಾಗುತ್ತದೆ. ಶರಾವತಿಯ ಮುಳುಗಡೆಯವರ ಬಾಯಲ್ಲಿ ರಿಲೀಸ್ ಎಂದರೆ ಅರಣ್ಯದ ಲೆಕ್ಕದಿಂದ ಬಿಡಿಸಿಕೊಟ್ಟ ನೆಲ. ಅವರನ್ನು ಅರವತ್ತರ ದಶಕದಲ್ಲಿ ತಂದು ಕೂರಿಸಿದ್ದು ಇಂಥ ಕಾಡಿನ ಜಾಗಗಳಲ್ಲಿಯೇ. ಆದರೆ ಬಿಡುಗಡೆಯಾಗಿದೆ ಎಂದು ಒಂದು ಇಲಾಖೆ ಹೇಳಿದ್ದು ಇನ್ನೊಂದರ ದಾಖಲೆಗೆ ಏರಲಿಲ್ಲ. ಅಷ್ಟರಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. ಆಮೇಲೆ ಅರಣ್ಯ ಬಿಡಿಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಆ ಒಪ್ಪಿಗೆಯಿಲ್ಲದೆ ಹೊರಡಿಸಿದ್ದ ಡಿನೋಟಿಫಿಕೇಷನ್ ಆದೇಶ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಅರ್ಧ ಶತಮಾನ ಉತ್ತು ಬಿತ್ತಿದ ನೆಲ ಆ ಕಾಗದದಲ್ಲಿ ಮತ್ತೆ ಕಾಡಾಯಿತು.

ಆ ಅಜ್ಜರ ಮನೆಯ ಟ್ರಂಕಿನಲ್ಲೂ ಅಂಥದೊಂದು ಹಳೆಯ ಕಾಗದವಿದೆ. ಮಡಿಕೆಯಲ್ಲಿ ಹರಿದು ಎರಡಾಗಿರುವ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದಾರೆ. ಅದರಲ್ಲಿರುವುದು ಇಂಗ್ಲಿಷ್. ಅಜ್ಜರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ರಿಲೀಸ್ ಎಂಬ ಪದ ಎಷ್ಟನೆಯ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ.