ಸಲ್ದಾನ್ಹಾ: ಒಂದು ಅಡ್ಡಹೆಸರಿನ ಮೂಲ ಮತ್ತು ಹರಡಿಕೆ

ನಮ್ಮ ಕರಾವಳಿಯ ಚರ್ಚುಗಳ ಕುಟುಂಬ ಪಟ್ಟಿಗಳಲ್ಲಿ ಡಿಸೋಜ, ಪಿಂಟೊ, ಫೆರ್ನಾಂಡಿಸ್ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಸಲ್ದಾನ್ಹಾ ಅಷ್ಟು ಸಾಮಾನ್ಯವಲ್ಲ. ಈ ಹೆಸರಿನವರೆಲ್ಲ ಒಂದೇ ಮನೆತನದವರೇ? ಇವರ ಪೂರ್ವಜರು ಪೋರ್ಚುಗೀಸರೇ? ಎರಡು ಪ್ರಶ್ನೆಗಳಿಗೂ ಉತ್ತರ ಹೆಸರಿನ ಚರಿತ್ರೆಯಲ್ಲೇ ಇದೆ.

ಮೂಲ: ಇದು ಊರಿನಿಂದ ಬಂದ ಹೆಸರು. ಸ್ಪೇನ್ ದೇಶದ ಪಾಲೆನ್ಸಿಯಾ ಪ್ರಾಂತ್ಯದಲ್ಲಿ ಕಾರಿಯೋನ್ ನದಿಯ ದಡದಲ್ಲಿ ಸಲ್ದಾಞ ಎಂಬ ಹಳೆಯ ಪಟ್ಟಣವಿದೆ. ಆ ಊರಿನವರ ಹೆಸರು ಪೋರ್ಚುಗಲ್ಲಿಗೂ ಹೋಗಿ ಅಲ್ಲಿನ ಗಣ್ಯ ಮನೆತನದ್ದಾಯಿತು. ಭಾರತದತ್ತ ಹೊರಟ ನಾವಿಕ ಅಂತೋನಿಯೊ ದ ಸಲ್ದಾನ್ಹಾ 1503ರಲ್ಲಿ ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ಲಂಗರು ಹಾಕಿದನು. ಅಲ್ಲಿನ ಸಲ್ದಾನ್ಹಾ ಕೊಲ್ಲಿಗೆ ಅವನದೇ ಹೆಸರು. ಐರೆಸ್ ದ ಸಲ್ದಾನ್ಹಾ 1600ರಿಂದ 1605ರವರೆಗೆ ಗೋವೆಯಲ್ಲಿ ವೈಸ್‌ರಾಯ್ ಆಗಿದ್ದನು.

ಕರಾವಳಿಗೆ ಬಂದ ಬಗೆ: ಗೋವೆಯಲ್ಲಿ ದೀಕ್ಷಾಸ್ನಾನ ಪಡೆದ ಸ್ಥಳೀಯರು ಜ್ಞಾನಪಿತರ ಅಥವಾ ದೀಕ್ಷೆ ಕೊಟ್ಟ ಗುರುಗಳ ಅಡ್ಡಹೆಸರನ್ನು ಪಡೆಯುವುದು ರೂಢಿಯಾಗಿತ್ತು. ಹೀಗೆ ರಕ್ತಸಂಬಂಧವಿಲ್ಲದ ಹಲವು ಮನೆಗಳಿಗೆ ಒಂದೇ ಹೆಸರು ಬಂತು. ಪ್ರಭು, ಕಾಮತ್, ಶೆಟ್ ಮುಂತಾದ ಹಳೆಯ ಹೆಸರುಗಳನ್ನು ಕೆಲವು ಮನೆತನಗಳು ಇಂದಿಗೂ ನೆನಪಿಟ್ಟುಕೊಂಡಿವೆ. ಮುಂದೆ ಯುದ್ಧ, ಬರಗಾಲ, ಇಂಕ್ವಿಸಿಶನ್ ಕಾರಣಗಳಿಂದ ಕೊಂಕಣಿ ಕ್ರೈಸ್ತರು ಕೆನರಾಕ್ಕೆ ವಲಸೆ ಬಂದಾಗ ಈ ಹೆಸರೂ ಬಂತು. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸದ ಕಾಲದಲ್ಲಿ ಇಲ್ಲಿನ ಚರ್ಚುಗಳು ನಾಶವಾದುದರಿಂದ ಅದಕ್ಕೂ ಹಿಂದಿನ ವಂಶಾವಳಿ ಹುಡುಕುವುದು ಕಷ್ಟ.

ಇಂದು: ಪೋರ್ಚುಗಲ್, ಬ್ರೆಜಿಲ್, ಗೋವಾ, ಮಂಗಳೂರು, ಮುಂಬೈಗಳಲ್ಲಿ ಈ ಹೆಸರಿನವರಿದ್ದಾರೆ. ಉದ್ಯೋಗ ಅರಸಿ ಹೋದವರಿಂದ ಗಲ್ಫ್, ಕೆನಡಾಗಳಿಗೂ ತಲುಪಿದೆ. 'ರಿಯೊ' ಚಿತ್ರದ ನಿರ್ದೇಶಕ ಕಾರ್ಲೊಸ್ ಸಲ್ದಾನ್ಹಾ ಬ್ರೆಜಿಲಿನವರು. ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ರಚಿಸಿದ ಯೇಸುಸಭೆಯ ವಂ. ಸೆಸಿಲ್ ಸಲ್ದಾನ್ಹಾ, 2001ರಿಂದ 2011ರವರೆಗೆ ಪಾಕಿಸ್ತಾನದ ಲಾಹೋರಿನಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದ ಮಂಗಳೂರು ಮೂಲದ ಲಾರೆನ್ಸ್ ಸಲ್ದಾನ್ಹಾ, 2018ರಲ್ಲಿ ಮಂಗಳೂರಿನ ಧರ್ಮಾಧ್ಯಕ್ಷರಾದ ಪೀಟರ್ ಪಾವ್ಲ್ ಸಲ್ದಾನ್ಹಾ ಇದೇ ಹೆಸರಿನವರು.

ಧರ್ಮಕೇಂದ್ರಗಳ ಗಮನಕ್ಕೆ: ವಧೂವರರ ಅಡ್ಡಹೆಸರು ಒಂದೇ ಎಂಬುದು ವಿವಾಹಕ್ಕೆ ಅಡ್ಡಿಯಲ್ಲ. ಧರ್ಮಸಭೆಯ ಕಾನೂನಿನ 1091ನೇ ವಿಧಿ ನೋಡುವುದು ರಕ್ತಸಂಬಂಧವನ್ನು. ಅಣ್ಣತಮ್ಮಂದಿರ ಮಕ್ಕಳಂತೆಯೇ ಅಕ್ಕತಂಗಿಯರ ಮಕ್ಕಳೂ, ಸೋದರಮಾವ-ಸೋದರತ್ತೆಯರ ಮಕ್ಕಳೂ ಅದರೊಳಗೆ ಬರುತ್ತಾರೆ. ಇವರ ಅಡ್ಡಹೆಸರು ಬೇರೆಯಾಗಿರಬಹುದು. ಆದ್ದರಿಂದ ವಿಚಾರಣೆಯಲ್ಲಿ ತಂದೆತಾಯಿ, ಅಜ್ಜ-ಅಜ್ಜಿಯರ ಹೆಸರುಗಳನ್ನು ಎರಡೂ ಕಡೆಯಿಂದ ಕೇಳಿ ಬರೆದುಕೊಳ್ಳಬೇಕು. ಸಲ್ಡಾನಾ, ಸಲ್ದಾನ, ಸಲ್ಡಾನ್ಹಾ ಎಂದು ಬರವಣಿಗೆ ಬದಲಾಗುವುದರಿಂದ ದೀಕ್ಷಾಸ್ನಾನದ ದಾಖಲೆಯಲ್ಲಿರುವ ರೂಪವನ್ನೇ ಪ್ರಮಾಣಪತ್ರದಲ್ಲೂ ಉಳಿಸಬೇಕು.

ಅಡ್ಡಹೆಸರು ನಮ್ಮ ಹಿರಿಯರು ಪಡೆದ ದೀಕ್ಷೆಯ ಗುರುತು. ಅದು ರಕ್ತದ ಸಾಕ್ಷಿಯಲ್ಲ. ಮನೆಯ ಹಳೆಯ ಹೆಸರು, ಮೂಲ ಊರು ತಿಳಿದ ಹಿರಿಯರು ಇರುವಾಗಲೇ ಅವರಿಂದ ಕೇಳಿ ಬರೆದಿಡುವಂತೆ ಕುಟುಂಬಗಳನ್ನು ವಿನಂತಿಸುತ್ತೇವೆ.